ಬುಟ್ಟಿಯಾದ ಜಾತಕ

ಹೋದ ವಾರ ಬೆಳಗಿನ ಪತ್ರಿಕೆ ಮಳೆಯಲ್ಲಿ ನೆನೆದು ಬಂತು. ಒಣಗಲೆಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದೆ. ಪಕ್ಕದಲ್ಲೇ ಸೊಸೆ ದೋಸೆಗೆ ನೆನೆಹಾಕಿದ್ದ ಮೆಂತ್ಯದ ಪಾತ್ರೆ ಇತ್ತು. ಒದ್ದೆ ಕಾಗದದ ವಾಸನೆಗೆ ಮೆಂತ್ಯದ ಕಹಿ ವಾಸನೆ ಬೆರೆಯಿತು. ನಾನು ಅಲ್ಲೇ ನಿಂತುಬಿಟ್ಟೆ. ಈ ಎರಡು ವಾಸನೆಗಳನ್ನು ಒಟ್ಟಿಗೆ ಮೂಸಿ ಎಷ್ಟು ವರ್ಷವಾಗಿತ್ತೋ... ಮದ್ದೂರಿನ ನಮ್ಮ ಪಕ್ಕದ ಮನೆಯ ಮೇಷ್ಟ್ರಮ್ಮ, ಮೊಣಕೈವರೆಗೆ ಕಾಗದದ ಹಿಟ್ಟು ಮೆತ್ತಿಕೊಂಡು, ಒರಳಿನ ಮುಂದೆ ಕೂತಂತೆ ಕಂಡಿತು.

ಅವರು ಪ್ರೈಮರಿ ಶಾಲೆಯ ಮೇಷ್ಟ್ರ ಹೆಂಡತಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದ ಹೊಸದು. ನಾಲೆ ನೀರು ಬಂದು ನಮ್ಮ ಸುತ್ತಿನ ಹೊಲಗಳೆಲ್ಲ ಕಬ್ಬಾಗುತ್ತಿದ್ದ ಕಾಲ. ನನಗೆ ಹತ್ತೊಂಬತ್ತು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದೆ.

ಮೇಷ್ಟ್ರಮ್ಮನ ಮನೆಯಲ್ಲಿ ತಿಪ್ಪೆಗೆ ಹೋಗುವ ವಸ್ತುವೇ ಇರಲಿಲ್ಲ. ಬಳೆ ಚೂರುಗಳ ತುದಿಯನ್ನು ಬುಡ್ಡಿ ದೀಪದ ಉರಿಗೆ ಹಿಡಿದು, ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲಿಗೆ ಸರ ಇಳಿಬಿಡುತ್ತಿದ್ದರು. ಗಾಳಿ ಬಂದರೆ ಅದು ಕಿಣಿಕಿಣಿ ಅನ್ನುತ್ತಿತ್ತು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಕೆಮ್ಮಣ್ಣು ಬಳಿದರೆ ಹೂಕುಂಡ. ಹರಿದ ಸೀರೆಯ ಅಂಚು ಗೋಡೆಗೆ ಪಟ್ಟಿ. ಎಲ್ಲಕ್ಕಿಂತ ಅವರಿಗೆ ಹೆಸರು ತಂದದ್ದು ಕಾಗದದ ಬುಟ್ಟಿ. ಹಳೇ ಕಾಗದವನ್ನು ಚೂರು ಚೂರು ಹರಿದು ಮೂರು ದಿನ ನೆನೆಸಿ, ಮೆಂತ್ಯ ಹಾಕಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ತಟ್ಟಿ ಬಿಸಿಲಿಗಿಡುತ್ತಿದ್ದರು. ಒಣಗಿದ ಮೇಲೆ ಮಡಕೆಯಿಂದ ಬಿಡಿಸಿದರೆ ಹಲಗೆಯಷ್ಟು ಗಟ್ಟಿ ಬುಟ್ಟಿ.

ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರ ಚಿಂತೆ ಒಂದೇ, ತಂಗಿಯ ಮದುವೆ. ಅವಳದು ಮೂಲಾ ನಕ್ಷತ್ರ. ಆ ನಕ್ಷತ್ರದ ಹೆಣ್ಣು ಬಂದರೆ ಮಾವನಿಗೆ ಆಗದು ಎಂಬ ನಂಬಿಕೆ ಗಟ್ಟಿಯಾಗಿತ್ತು. ತಂದೆ ಇಲ್ಲದ ಗಂಡು ಸಿಕ್ಕರೆ ಮಾತ್ರ ಆಗುವ ಮಾತು ಎಂದು ಜೋಯಿಸರು ಹೇಳಿದ್ದರು. ಎರಡು ಕಡೆಯವರು ಜಾತಕ ನೋಡಿದ ಕೂಡಲೇ ಎದ್ದು ಹೋಗಿದ್ದರು. ಎರಡನೆಯವರು ಕಾಫಿಯನ್ನೂ ಮುಟ್ಟಲಿಲ್ಲ. ಅಂದಿನಿಂದ ತಂಗಿ ಹಿತ್ತಲ ಬಾಗಿಲಲ್ಲೇ ಕೂರತೊಡಗಿದ್ದಳು.

ಮೂರನೆಯದು ಮಳವಳ್ಳಿ ಕಡೆಯ ಸಂಬಂಧ. ಹುಡುಗ ಅಲ್ಲಿನ ಶಾಲೆಯಲ್ಲಿ ಮೇಷ್ಟರಾಗಿದ್ದ. ಒಮ್ಮೆ ನೆಂಟರ ಮನೆಯಲ್ಲಿ ತಂಗಿಯನ್ನು ಕಂಡು ಅವನೇ ಕೇಳಿ ಕಳಿಸಿದ್ದ. ತಂಗಿಗೂ ಮನಸ್ಸಿತ್ತು. ಆದರೆ ಜಾತಕ ನೋಡದೆ ಮಾತೇ ಇಲ್ಲ ಎಂದು ಅವನ ತಂದೆ ಕಲ್ಲಿನಂತೆ ಗಟ್ಟಿಯಾಗಿದ್ದರು. ಎಂಟು ದಿನದಲ್ಲಿ ಬರುತ್ತೇವೆಂದು ಕಾಗದ ಬಂತು.

ಸುದ್ದಿ ತಿಳಿದ ದಿನವೇ ಮೇಷ್ಟ್ರಮ್ಮ ನಮ್ಮ ಪಡಸಾಲೆಗೆ ಬಂದು ನಾಲ್ಕೂ ಗೋಡೆ ನೋಡಿದರು.

"ಏನವ್ವಾ ಇದು, ಉಗ್ರಾಣ ಇದ್ದಂಗದೆ! ಈ ಗೋಡೆ ನೋಡ್ಕಂಡೇ ಗಂಡಿನೋರು ಓಡೋಯ್ತಾರೆ ಕಣಮ್ಮ."

"ಕಾಸಿಲ್ಲ ಮೇಷ್ಟ್ರಮ್ಮ," ಅಂದಳು ಅವ್ವ.

"ಕಾಸು ಯಾರ್ ಕೇಳುದ್ರು? ಕಸ ಕೊಡು, ಸಾಕು."

ಆ ಎಂಟು ದಿನಗಳ ಸಡಗರ ನಮ್ಮ ಮನೆಗೆ ಮತ್ತೆ ಬರಲಿಲ್ಲ ಎಂದರೆ ಹೆಚ್ಚಲ್ಲ. ಬೀದಿಗೆ ಬೀದಿಯೇ ಕಸ ಹೆಕ್ಕಿತು. ಬಳೆಗಾರ ಚೀಲದ ತಳದಲ್ಲಿದ್ದ ಚೂರುಗಳನ್ನೆಲ್ಲ ನಮ್ಮ ಜಗಲಿಗೆ ಸುರಿದು ಹೋದ. ನಾನು ಸಿಗರೇಟು ಪೊಟ್ಟಣದ ಬೇಗಡೆಗಾಗಿ ಅಂಗಡಿ ಅಂಗಡಿ ಸುತ್ತಿದೆ. ಹುಣಿಸೆ ಬೀಜದ ಅಂಟು ಕಾಯಿಸುವುದು ಅವ್ವನ ಪಾಲು. ಬೇಗಡೆಯಲ್ಲಿ ನಕ್ಷತ್ರ ಕತ್ತರಿಸುತ್ತ ತಂಗಿ ಎಷ್ಟೋ ತಿಂಗಳ ಮೇಲೆ ಹಾಡಿಕೊಂಡಳು. ಸೋಮನಹಳ್ಳಿಯಿಂದ ಬರುವ ಗಾಡಿಯವನು ಹೊಲದ ಬದುವಿನಲ್ಲಿ ಬಿದ್ದಿದ್ದ ಕಬ್ಬಿನ ಸೂಲಂಗಿಯನ್ನು ಒಂದು ಹೊರೆ ತಂದುಹಾಕಿದ. ಬೆಳ್ಳಗೆ ನವಿರಾಗಿದ್ದ ಆ ಹೂಗಳನ್ನು ಡಬ್ಬದ ಕುಂಡದಲ್ಲಿಟ್ಟಾಗ ಪಡಸಾಲೆಯ ಮೂಲೆಗೆ ಬೆಳಕು ಬಂದಂತಾಯಿತು.

"ದೊಡ್ದೊಂದು ಬುಟ್ಟಿ ಆಗ್ಬೇಕು ಕಣ್ಲಾ," ಎಂದರು ಮೇಷ್ಟ್ರಮ್ಮ ನನಗೆ. "ಬಾಳೆಹಣ್ಣು ಎಲೆ ಅಡಿಕೆ ಮಡಗಾಕೆ. ಕಾಗ್ದ ಸಾಲ್ದು. ನಿಮ್ಮಪ್ಪನ ಪೇಪರ್ ಕಟ್ಟು ತಕ್ಕಂಬಾ."

ಪಡಸಾಲೆಯ ಗೋಡೆಯ ಗೂಡಿನಲ್ಲಿ ಅಪ್ಪ ವಾರಪತ್ರಿಕೆಗಳನ್ನು ಕಟ್ಟಿಡುತ್ತಿದ್ದರು. ಕಟ್ಟನ್ನು ಬಿಚ್ಚದೆ ಹಾಗೇ ಎತ್ತಿಕೊಂಡು ಹೋಗಿ ಕೊಟ್ಟೆ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಕೊಟ್ಟವನು ನಾನು.

ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಗಂಡಿನವರು ಬಂದರು. ಹುಡುಗ, ಅವನ ತಂದೆ, ಚಿಕ್ಕಪ್ಪ, ಇಬ್ಬರು ಹೆಂಗಸರು. ಬಾಗಿಲಲ್ಲೇ ಹುಡುಗನ ತಂದೆಯ ಪೇಟಕ್ಕೆ ಬಳೆ ಸರ ತಗುಲಿ ಗಲಗಲ ಅಂದಿತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ತಲೆ ತಗುಲಿಸಿದರು.

"ಇದೇನ್ರೀ ಇದು, ಮನೇನೇ ಮಾತಾಡ್ಸ್ತದೆ!"

ಒಳಗೆ ಬಂದವರು ಕೂರಲೇ ಇಲ್ಲ. ಸೂಲಂಗಿ ಮುಟ್ಟಿ, "ಇದು ನಮ್ ಗದ್ದೇಲಿ ದನ ತುಳೀತದಲ್ಲಾ!" ಎಂದರು. ಗೋಡೆಯ ಬೇಗಡೆ ನಕ್ಷತ್ರಗಳನ್ನು ಉಗುರಿನಿಂದ ಕೆರೆದು ನೋಡಿದರು. ತಂಗಿ ಬಂದು ಕಾಫಿ ಕೊಟ್ಟಳು. ಹುಡುಗ ಲೋಟ ಹಿಡಿದು ಕುಡಿಯುವುದನ್ನೇ ಮರೆತ. ನಮ್ಮ ಎದೆ ಹಗುರಾಗತೊಡಗಿತ್ತು. ಆಗ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

"ಜಾತ್ಕ ತೆಗೀರಿ."

ಅಪ್ಪ ಎದ್ದು ಗೂಡಿಗೆ ಕೈ ಹಾಕಿದರು. ಅಲ್ಲಿ ಕೆಮ್ಮಣ್ಣಿನ ಕುಂಡ ಇತ್ತು.

"ಪೇಪರ್ ಕಟ್ಟೆಲ್ಲೋ?"

ಜಾತಕ ಮುದುರಬಾರದೆಂದು ಅಪ್ಪ ಅದನ್ನು ಆ ಕಟ್ಟಿನ ನಡುವೆ, ಪತ್ರಿಕೆಯ ಮಡಿಕೆಯೊಳಗೆ ಇಟ್ಟಿದ್ದರಂತೆ. ನಾನು ಮೇಷ್ಟ್ರಮ್ಮನ ಕಡೆ ಕೈ ತೋರಿಸಿದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರು ಮುಂದೆ ಬಂದು, ಗಂಡಿನವರ ಮುಂದಿದ್ದ ಹಣ್ಣಿನ ಬುಟ್ಟಿ ತೋರಿಸಿದರು.

"ಅದ್ರೊಳಗದೆ."

ಚಿಕ್ಕಪ್ಪ ಬುಟ್ಟಿಯೊಳಗೆ ಇಣುಕಿದ. "ಎಲ್ಲಿ? ಬರೀ ಹಣ್ಣದೆ."

"ಹಣ್ಣಿನ್ ಕೆಳಗಲ್ಲ ಕಣಪ್ಪ. ಬುಟ್ಟೀನೇ ಜಾತ್ಕ. ರುಬ್ಬಿಬುಟ್ಟೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನ ಮುಖ ಕಪ್ಪಿಟ್ಟಿತು. ಅಪ್ಪ ಬಯ್ಯುತ್ತಾರೆ ಅಂದುಕೊಂಡೆ. ಅವರು ಮೇಷ್ಟ್ರಮ್ಮನ ಕಡೆ ನೋಡಲೇ ಇಲ್ಲ. ನೆಟ್ಟಗೆ ನಿಂತು ಗಂಡಿನ ತಂದೆಗೆ ಹೇಳಿದರು:

"ಗೌಡ್ರೇ, ಕಾಗ್ದ ಹೋದ್ರೆ ಹೋಯ್ತು. ನಾನು ಸುಳ್ಳಾಡಾಕಿಲ್ಲ. ನಮ್ ಉಡ್ಗೀದು ಮೂಲಾ ನಕ್ಷತ್ರ."

ಒಳಗೆ ತಂಗಿ ಏನನ್ನೋ ಕೆಳಗೆ ಬೀಳಿಸಿದ ಸದ್ದು ಕೇಳಿತು. ಚಿಕ್ಕಪ್ಪ ಎದ್ದೇಬಿಟ್ಟ. "ನಡೀ ಅಣ್ಣಯ್ಯ. ಒಂದ್ಗಂಟೆ ಬಸ್ ಸಿಕ್ತದೆ."

ಹುಡುಗನ ತಂದೆ ಏಳಲಿಲ್ಲ. ಹಣ್ಣುಗಳನ್ನು ಒಂದೊಂದಾಗಿ ಚಾಪೆಯ ಮೇಲಿಟ್ಟರು. ಖಾಲಿ ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನಿಂದ ತಟ್ಟಿದರು. ಮೂಸಿದರು.

"ಮೆಂತ್ಯ ಹಾಕಿದ್ದೀಯೇನವ್ವ?"

"ಊಂ. ಹುಳ ಬೀಳಾಕಿಲ್ಲ."

"ನೀರು?"

"ನೀರು ಮಾತ್ರ ತಾಗುಸ್ಬ್ಯಾಡಿ."

"ಅಣ್ಣಯ್ಯ!" ಚಿಕ್ಕಪ್ಪ ದನಿ ಎತ್ತರಿಸಿದ. "ಮೂಲಾ ನಕ್ಷತ್ರ ಅಂತಾವ್ರೆ!"

"ಕೇಳುಸ್ತು ಬುಡ್ಲಾ. ಮಾವುಂಗೆ ಆಗಾಕಿಲ್ಲ ತಾನೇ? ಸಾಯೋನು ನಾನೋ ನೀನೋ?"

ಅವರು ಚಾಪೆಯ ಮೇಲಿನ ಒಂದು ಹಣ್ಣನ್ನು ಮತ್ತೆ ಬುಟ್ಟಿಯೊಳಗಿಟ್ಟು, ಅಲ್ಲಿಂದಲೇ ಎತ್ತಿಕೊಂಡು, ಸುಲಿದು, ಎಲ್ಲರೂ ನೋಡುತ್ತಿರುವಂತೆ ತಿಂದರು. ಸಿಪ್ಪೆಯನ್ನು ಪಕ್ಕಕ್ಕಿಟ್ಟು ಅಪ್ಪನಿಗೆ ಹೇಳಿದರು:

"ಎರಡ್ ಮನೆಯೋರು ಬ್ಯಾಡ ಅಂದ್ರಂತೆ, ಕೇಳಿವ್ನಿ. ಆದ್ರೂ ಮುಚ್ಚಾಕ್ಲಿಲ್ವಲ್ಲ ನೀವು. ನಂಗೆ ಅಷ್ಟು ಸಾಕು. ಹೆಣ್ಣಿನ್ ಜೊತೆ ಈ ಬುಟ್ಟೀನೂ ಕಳ್ಸಿ."

ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ಅರ್ಧ ಬೀದಿ ಒಳನುಗ್ಗಿತು. ಯಾರೋ ಸಕ್ಕರೆ ತಂದರು. ಅವ್ವ ಮೇಷ್ಟ್ರಮ್ಮನನ್ನು ತಬ್ಬಿಕೊಂಡು, ಅವರ ಬೆನ್ನಿಗೇ ಎರಡು ಏಟು ಹಾಕಿದಳು.

ಅಪ್ಪ ಮಾತ್ರ ಮದುವೆ ಮುಗಿದು ಒಂದು ವರ್ಷದವರೆಗೆ ಮೇಷ್ಟ್ರಮ್ಮನ ಜೊತೆ ಮಾತಾಡಲಿಲ್ಲ. ಅಕ್ಷರ ಬಾರದ ಹೆಂಗಸೇ ಆಗಿದ್ದರೆ ಕ್ಷಮಿಸುತ್ತಿದ್ದರೇನೋ. ಮೇಷ್ಟ್ರಮ್ಮ ಚೆನ್ನಾಗಿ ಓದುತ್ತಿದ್ದರು. ಕಾಗದ ಹರಿಯುವುದು ಒಂದೊಂದೇ ಹಾಳೆ, ಕೈಯಲ್ಲಿ. ಜಾತಕದ ಕಾಗದ ಪತ್ರಿಕೆಯದಕ್ಕಿಂತ ದಪ್ಪ, ನಾಲ್ಕು ಮೂಲೆಗೂ ಅರಿಶಿನ. ಗಮನಿಸದೆ ಹರಿದೆ ಎಂದು ಅವರು ಹೇಳಿದ್ದನ್ನು ಅವ್ವ ನಂಬಿದಳು. ಬೇಕೆಂದೇ ಹರಿದರು ಎಂದು ತಂಗಿ ಕೊನೆಯವರೆಗೂ ಸಾಧಿಸಿದಳು. ಅಪ್ಪ ಎರಡನ್ನೂ ಹೇಳಲಿಲ್ಲ.

ಮುಂದೆ ನಾನು ಮೈಸೂರಿನಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿದೆ. ವಯಸ್ಸಾದ ಮೇಲೆ ಮೇಷ್ಟ್ರಮ್ಮ, ಅವರ ಯಜಮಾನರು ಇಬ್ಬರೂ ಮದ್ದೂರಿನ ಪಕ್ಕದ ವೈದ್ಯನಾಥಪುರಕ್ಕೆ ಹೋಗಿ ನೆಲೆಸಿದರು. ಸುದ್ದಿಗೆಂದು ಮದ್ದೂರಿಗೆ ಹೋದವನು ಒಮ್ಮೆ ಅವರನ್ನು ನೋಡಿ ಬಂದೆ. ಬೆರಳುಗಳು ಸೊಟ್ಟಗಾಗಿದ್ದವು. ಆದರೂ ತೆಂಗಿನ ಚಿಪ್ಪನ್ನು ಉಜ್ಜುತ್ತ ಕೂತಿದ್ದರು.

"ತಂಗಿ ಚೆನ್ನಾಗವ್ಳೇನ್ಲಾ?"

"ಚೆನ್ನಾಗವ್ಳೆ ಮೇಷ್ಟ್ರಮ್ಮ. ಮೂರು ಮಕ್ಳು."

"ಅವಳ ಮಾವ?"

"ಅವರಿಗೇನು, ಈಗ್ಲೂ ಗದ್ದೆಗೆ ಓಯ್ತಾರೆ."

ಅವರು ಜೋರಾಗಿ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು... ಆಮೇಲೆ ಚಿಪ್ಪಿನ ಒಳಗನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ನಾನು ಅರ್ಧ ದಿನ ಇದ್ದೆ. ಊಟ ಮಾಡಿದೆ. ಬಸ್ಸು ತಡವಾಗಿತ್ತು.

ಮುಂದಿನ ಬೇಸಿಗೆಗೆ ಅವರು ತೀರಿಕೊಂಡ ಕಾಗದ ಬಂತು. ತಂಗಿ ತೀರಿಹೋದದ್ದು ಈ ವರ್ಷ. ಆ ಪಡಸಾಲೆಯಲ್ಲಿ ಅಂದು ಇದ್ದವರಲ್ಲಿ ಉಳಿದವನು ನಾನೊಬ್ಬನೇ. ಸುದ್ದಿಮನೆಯಲ್ಲಿ ಕೂತ ಇಷ್ಟೂ ವರ್ಷ, ಸಂಬಂಧಪಟ್ಟವರನ್ನೇ ಕೇಳಿದ್ದೀರಾ ಎಂದು ವರದಿಗಾರರ ಬರಹಗಳನ್ನು ಹಿಂದಕ್ಕೆ ಕಳಿಸುತ್ತಿದ್ದೆ. ಅಂದು ವೈದ್ಯನಾಥಪುರದಲ್ಲಿ, ಬೇಕೆಂದೇ ಹರಿದಿರಾ ಎಂದು ಕೇಳಿದ್ದರೆ ಮೇಷ್ಟ್ರಮ್ಮ ನನಗೆ ನಿಜ ಹೇಳುತ್ತಿದ್ದರು. ತಪ್ಪಿಯೇ ಹರಿದದ್ದು ಎಂದು ಮತ್ತೆ ಹೇಳಿಬಿಟ್ಟರೆ ಎಂಬ ಭಯ ನನಗಿತ್ತು. ಕೇಳಲಿಲ್ಲ.