ಬಸಣ್ಣನ ಹೊಸ್ತಿಲು

ಈ ಸೇಡಿನ ಕತೆಯನ್ನು ಮೊದಲು ಹೇಳಿದವಳು ಡೋಣಿ ಊರಿನ ನಮ್ಮ ಸೋದರತ್ತೆ ಗಂಗವ್ವ, ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ. ನಾನಾಗ ಎರಡನೇ ಇಯತ್ತೆ. ಇವತ್ತು ಗದಗಿನ ಕಟ್ಟಿಗೆ ಅಡ್ಡೆಯ ಮುಂದೆ ಹಸಿ ಮರದ ವಾಸನೆ ಬಡಿದಾಗ ಅವಳೇ ನೆನಪಾದಳು.

ಆಗಷ್ಟೇ ಸಾಹುಕಾರ ಬಸಣ್ಣ, ಊರಲ್ಲಿ ಯಾರೂ ಕೊಡಲಿ ಹಚ್ಚದ ಕಪ್ಪತಗುಡ್ಡದ ಮುದಿ ದಿಂಡಲ ಮರ ಕಡಿಸಿ ಹೊಸ ಮನೆಗೆ ಹೊಸ್ತಿಲು ಹಾಕಿಸಿದ್ದ. ಮರುದಿನವೇ ವಾಸ್ತುಶಾಂತಿ.

"ನಮ್ಮಜ್ಜಿ ಕಾಲದಾಗೂ ಒಬ್ಬಾವ ಹಿಂಗ ಮಾಡಿದ್ದ. ಮರದ ಸೇಡು ತೀರಿಸಾಕಂತ ಆತನ ಹೊಸ್ತಿಲ ಊರಾಗ ಒಬ್ರೂ ದಾಟಲಿಲ್ಲ. ಬೀಗರ ಮುಂದ ಮಾರಿ ತಗ್ಗಿಸಿ ತಾನ ಕಿತ್ತು ಒಗದ," ಎಂದಳು ಅತ್ತೆ.

"ಬಸಣ್ಣ ಹೋಳಿಗಿ ಮಾಡಸ್ಯಾನಂತ, ಅತ್ತಿ!" ಎಂದ ನನ್ನ ತಮ್ಮ.

"ತಿನ್ನು ಹೋಗಲೇ, ಹೊಟ್ಟಿಬಾಕ. ಆ ಹೊಸ್ತಿಲ ದಾಟಿದಿ ಅಂದ್ರ ಗುಡ್ಡದ ಕವಳಿ ಹಣ್ಣಿಗೆ ಮಾತ್ರ ಇನ್ನ ಕೈ ಹಚ್ಚಬ್ಯಾಡ."

ಮರುದಿನ ಬೆಳಗ್ಗೆ ಇಡೀ ಓಣಿ ಬಸಣ್ಣನ ಅಂಗಳದಲ್ಲಿ ಕುಳಿತು, ಅವನ ಬೀಗರೆದುರೇ, ಕಟ್ಟಿಕೊಂಡು ಹೋದ ರೊಟ್ಟಿ ಗಂಟು ಬಿಚ್ಚಿತು.

"ಒಳಗ ಬರ್ರಿ," ಬಸಣ್ಣ ಕೈಮುಗಿದ.

"ಮೊದಲ ಹೊಸ್ತಿಲ ಕೀಳಸ್ರಿ, ಸಾವ್ಕಾರ್ರ," ಎಂದಳು ಅತ್ತೆ, ಚಟ್ನಿ ಹಚ್ಚಿಕೊಳ್ಳುತ್ತಾ.

ಕೊನೆಗೆ ಅವನು ಬಡಿಗೇರನನ್ನು ಕರೆಸಿದ. ಹೊಸ್ತಿಲಿಗೆ ಮೊದಲ ಏಟು ಬಿದ್ದೊಡನೆ ತಮ್ಮ ಹೋಳಿಗೆಗೆಂದು ಎದ್ದ. ಅತ್ತೆ ಅವನ ಚಡ್ಡಿ ಹಿಡಿದು ಜಗ್ಗಿದಳು.

"ಕುಂಡ್ರಲೇ. ಪೂರಾ ಕೀಳ್ಲಿ."