ಸೊಸೆ ಕದ್ದು ಕೊಡದ ತುತ್ತು

ನಾಲ್ಕು ಕೊಡ ನೀರು ತುಂಬಿದ್ದೆ, ರೊಟ್ಟಿ ಬಡಿದಿದ್ದೆ, ಮುರ್ಮುಗಾಂವ್ ಬಂದರಿಗೆ ದುಡಿಯಲು ಹೋಗುವ ಮಗನಿಗೆ ಬುತ್ತಿ ಕಟ್ಟಿದ್ದೆ, ಕಿಟಕಿಯ ಮೇಲಿನ ಅದಿರಿನ ಧೂಳು ಒರೆಸಿದ್ದೆ. ಆಮೇಲೆ ಎಬ್ಬಿಸಲು ಹೋದರೆ ಮೂರು ವರ್ಷದ ಮೊಮ್ಮಗಳು ಸುಮಾ ಕಣ್ಣೇ ತೆರೆಯಲಿಲ್ಲ.

ಜ್ವರಕ್ಕೆ ಲಂಘನವೇ ಮದ್ದೆಂದು ಎರಡು ದಿನದಿಂದ ಬರೀ ಬಿಸಿನೀರು ಕುಡಿಸಲು ಹೇಳಿದ್ದೆ. ಆದರೂ ಹೀಗಾಯಿತೆಂದರೆ ಸೊಸೆ ಶಾಂತಾ ಏನೋ ತಿನ್ನಿಸಿರಬೇಕೆಂದು ನನ್ನ ಸಂಶಯ. ಇಬ್ಬರೂ ಕೂಸನ್ನು ಆಸ್ಪತ್ರೆಗೆ ಹೊತ್ತೊಯ್ದೆವು; ಅಲ್ಲಿಯೂ ಅದರ ಬಾಯಿ ಮೂಸಿ ನೋಡಿದೆ.

“ಖರೇ ಹೇಳು, ನನ್ನ ಕಣ್ಣು ತಪ್ಪಿಸಿ ಏನು ತಿನಿಸೀದಿ?”

“ಒಂದು ತುತ್ತೂ ಕೊಟ್ಟಿಲ್ರಿ ಅತ್ತಿ. ಅತ್ತು ಕೇಳಿದ್ಲು, ಆದ್ರೂ ಕೊಟ್ಟಿಲ್ಲ.”

ನಾನು ನಂಬಲಿಲ್ಲ. ಅಷ್ಟರಲ್ಲಿ ಕಾರವಾರದ ಕಡೆಯ ನರ್ಸ್ ಸುಮಾಳ ಬೆರಳು ಚುಚ್ಚಿ, ರಕ್ತದ ಹನಿಯನ್ನು ಡಬ್ಬಿಯಿಂದ ತೆಗೆದ ಕಾಗದದ ಪಟ್ಟಿಗೆ ಹಚ್ಚಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿದಳು. ಇದ್ದಷ್ಟು ರಕ್ತವನ್ನೂ ಯಾಕೆ ತೆಗೆಯುತ್ತಾಳೆಂದು ಅವಳ ಮೇಲೂ ನನಗೆ ಗುಮಾನಿ. ಡಾಕ್ಟರು ಓಡಿ ಬಂದು ನರಕ್ಕೆ ಗ್ಲೂಕೋಸ್ ಏರಿಸಿದರು.

“ಜ್ವರದಲ್ಲಿ ಉಪವಾಸ ಕೆಡವಿ ರಕ್ತದ ಸಕ್ಕರೆ ಪೂರಾ ಇಳಿದದೆ. ಸೊಸೆ ಕದ್ದಾದ್ರೂ ತಿನ್ನಿಸಿದ್ರೆ ಒಳ್ಳೇದಿತ್ತು ಅಮ್ಮಾ,” ಎಂದಳು ನರ್ಸ್.

ಸ್ವಲ್ಪ ಹೊತ್ತಿಗೆ ಸುಮಾ ಕಣ್ಣು ಬಿಟ್ಟು ಅವ್ವನನ್ನು ಹುಡುಕಿದಳು.

ಸಂಜೆ ಶಾಂತಾ ಅವಳಿಗೆ ಸಕ್ಕರೆ ಹಾಕಿದ ಗಂಜಿ ಕುಡಿಸಿದಳು. ಪ್ರತಿ ಚಮಚಕ್ಕೂ ಕೊಡಲೇ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ತಲೆಯಾಡಿಸಲು ನನಗೆ ನಾಚಿಕೆಯಾಗುತ್ತಿತ್ತು. ನೀನು ಉಂಡೆಯೇನು ಎಂದು ಕೇಳಿದಾಗಲೇ, ಎರಡು ದಿನ ಕೂಸಿನ ಜೊತೆ ಶಾಂತಾಳೂ ಉಂಡಿರಲಿಲ್ಲವೆಂದು ತಿಳಿಯಿತು. ಪಾವ್ ತಂದು ಚಹಾದಲ್ಲಿ ಅದ್ದಿ ಕೊಟ್ಟೆ. ಅದನ್ನು ತಿಂದು ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು.