ಹೊಸಿಲ ಮೇಲಿಟ್ಟ ಚಾರ್ಜರ್ ಲೈಟು

ಆಗೆಲ್ಲ ಗಾವಡಗೆರೆ ಕಡೆ, ನಾವು ರಾತ್ರಿಯೂಟಕ್ಕೆ ಕೂರುವುದನ್ನೇ ಕಾಯುತ್ತಿದ್ದ ಹಾಗೆ ಕರೆಂಟು ಹೋಗುತ್ತಿತ್ತು. ನಿಮ್ಮೂರಲ್ಲೂ ಇದೇ ಕತೆ ಇರಬೇಕು. ನಮ್ಮ ಮನೆಯಲ್ಲಿದ್ದದ್ದು ಒಂದೇ ಚಾರ್ಜರ್ ಲೈಟು. ಹಿಡಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಆದರೆ ಅದು ಮೊದಲು ಹೋಗುತ್ತಿದ್ದದ್ದು ತಾತ, ಅಪ್ಪ, ಚಿಕ್ಕಪ್ಪ ಉಣ್ಣುವ ಜಗಲಿಗೆ. ಅವರ ಊಟ ಮುಗಿದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ, ಶಾಖ ನೋಡುವುದಕ್ಕೆ. ಕೊನೆಗೆ ಉಣ್ಣುವ ಅವ್ವನಿಗೆ ಒಲೆಯ ಕೆಂಡವೇ ಗತಿ.

ನಾನಾಗ ಹತ್ತು ವರ್ಷದ ಹುಡುಗಿ. ಹೊಗೆಸೊಪ್ಪು ಮುರಿಯುವ ಕಾಲ. ಅವ್ವ ಬೆಳಗಿನಿಂದ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಮೈಯೆಲ್ಲ ಹಸಿ ಸೊಪ್ಪಿನ ಘಾಟು, ಕೈಗೆಲ್ಲ ಕಪ್ಪು ಅಂಟು. ಆ ಅಂಟಿನ ಕಹಿ ನಾಲಿಗೆಗೆ ತಾಗಿಸಿಕೊಂಡವರಿಗೇ ಗೊತ್ತು. ಒಂದು ದಿನ ಕೈ ತೊಳೆದರೂ ಅಂಟು ಹೋಗಿದೆಯೋ ಇಲ್ಲವೋ ಕತ್ತಲಲ್ಲಿ ಕಾಣದೆ ಮುದ್ದೆ ಮುರಿದು ನುಂಗಿದಳು. ಉಂಡದ್ದೆಲ್ಲ ಹಿತ್ತಲಲ್ಲಿ ಕಕ್ಕಿದಳು.

"ಏನಿಲ್ಲ ಬುಡು ಮಗ," ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ತಾತನದೊಂದು ಕಟ್ಟುನಿಟ್ಟಿತ್ತು. ಉಣ್ಣುವಾಗ ದೀಪ ಹೋದರೆ ತುತ್ತು ಎತ್ತಬಾರದು, ಏಳಲೂಬಾರದು. ದೀಪ ಬರುವ ತನಕ ತಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡು ಕೂತಿರಬೇಕು. ಮಾರನೆಯ ದಿನ ಮೂವರ ತಟ್ಟೆಗೂ ಮುದ್ದೆ, ಹುರುಳಿಕಾಳಿನ ಸಾರು ಬಿತ್ತು. ಮೊದಲ ತುತ್ತು ನುಂಗುವಷ್ಟರಲ್ಲಿ ನಾನು ಲೈಟು ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

"ಏಯ್, ತಕಂಬಾ ಇಲ್ಲಿ ದೀಪವ!" ತಾತ ಗುಡುಗಿದ.

"ಅವ್ವ ಉಂಡಾದ್ಮೇಲೆ ತತ್ತೀನಿ."

"ನಿಮ್ಮವ್ವ ಆಮೇಲ್ ಉಣ್ತಾಳೆ ಕಣೇ!"

"ಕತ್ಲಲ್ಲಿ ಉಣ್ಬಾರ್ದು ಅಂತ ನೀನೇ ಹೇಳಿದ್ದಲ್ವಾ ತಾತ? ಅವ್ವುಂಗೇನು ಬ್ಯಾರೆ ರೂಲ್ಸಾ?"

ಜಗಲಿಯಲ್ಲಿ ಮೂವರ ಅಂಗೈಯೂ ತಟ್ಟೆಯ ಮೇಲಿತ್ತು. ಚಿಕ್ಕಪ್ಪ ಕಿಸಕ್ಕನೆ ನಕ್ಕ. "ಊಟ ಮುಗೀಲಿ, ಐತೆ ನಿಂಗೆ," ಅಂತ ಅಪ್ಪ ಹಲ್ಲು ಕಡಿದ. ಆದರೆ ಯಾರೂ ಏಳುವಂತಿರಲಿಲ್ಲವಲ್ಲ!

ಅವ್ವ ನನ್ನ ಕೈಯಿಂದ ಲೈಟು ಕಿತ್ತುಕೊಂಡಳು. ವಾಪಸ್ಸು ಕೊಟ್ಟುಬಿಡುತ್ತಾಳೆ ಅಂತ ನನಗೆ ಅಳುವೇ ಬಂತು. ಅವಳು ಅದನ್ನು ಜಗಲಿಗೂ ಅಡುಗೆಮನೆಗೂ ನಡುವಿನ ಹೊಸಿಲ ಮೇಲಿಟ್ಟಳು. ಈಚೆಗೆ ತಟ್ಟೆ ಹಾಕಿಕೊಂಡು ಕೂತಳು. ಎರಡೂ ಕೈ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಈಗ ಎಲ್ರಿಗೂ ಕಾಣ್ತದೆ, ಉಣ್ರಿ ಮಾವ," ಅಂದಳು. "ನಂಗೂ ಹಸ್ವಾಗದೆ."

ತಾತ ಹೊಸಿಲ ಕಡೆ ನೋಡಿದ. ಆಮೇಲೆ ತಟ್ಟೆಯ ಮೇಲಿಂದ ಕೈ ತೆಗೆದ.

ಊಟವಾದ ಮೇಲೆ ಅಪ್ಪ ನನ್ನ ಬೆನ್ನಿಗೆ ಎರಡು ಬಿಟ್ಟ. ನೋಯಲಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಮಾರನೆಯ ದಿನವೂ ಲೈಟು ಹೊಸಿಲ ಮೇಲೇ ಕೂತಿತ್ತು.

ಈಗ ಬ್ಯಾರನ್ನು ಬಿದ್ದುಹೋಗಿದೆ, ಆ ಜಗಲಿಯೂ ಇಲ್ಲ. ಅವ್ವ ಹೋಗಿ ಎರಡು ವರ್ಷವಾಯಿತು. ಮೊನ್ನೆ ಕಾಕನಕೋಟೆ ಕಡೆಯ ಒಂದು ರೆಸಾರ್ಟಿನ ಅಂಗಳದಲ್ಲಿ ಊಟಕ್ಕೆ ಕೂತಿದ್ದೆ. ಮೇಜಿಗೊಂದು ವೈರಿಲ್ಲದ ಪುಟ್ಟ ದೀಪ. ಬಡಿಸುವಾತ ಬಂದು ನನ್ನ ದೀಪಕ್ಕೆ ಕೈ ಹಾಕಿದ.

"ಮೇಡಂ, ಆ ಸಾಹೇಬ್ರ ಟೇಬಲ್ದು ಚಾರ್ಜ್ ಹೋಗದೆ. ಇದ್ನ ತಕಂಡೋಗ್ಲಾ? ನೀವೊಬ್ರೇ ಇದೀರಲ್ವಾ?"

ನಾನು ದೀಪವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆಗಲ್ಲ ಕಣಪ್ಪ. ನಾನಿನ್ನೂ ಉಣ್ತಾ ಇದೀನಿ."

ಅವನು ಹೋದ ಮೇಲೆ ಬೆಳಕಿಗೆ ಕೈ ಹಿಡಿದು ತಿರುಗಿಸಿ ನೋಡಿಕೊಂಡೆ. ಅಂಟಿರಲಿಲ್ಲ. ದೀಪದ ಆಚೆ ಅವ್ವನೂ ಇರಲಿಲ್ಲ.